ಕನ್ವೆನ್ಷನಲ್ಲೋ ಅಡ್ರೆಸಬಲ್ಲೋ: ಎರಡೂ ಫೈರ್ ಅಲಾರ್ಮ್ ಪ್ಯಾನೆಲ್ ಕೂರಿಸಿ ನೋಡಿದ್ದು

ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ಎರಡು ಕಟ್ಟಡಗಳಿಗೆ ಎರಡು ಬಗೆಯ ಫೈರ್ ಅಲಾರ್ಮ್ ಪ್ಯಾನೆಲ್ ಹಾಕಿದ್ದೇನೆ. ಮೂರು ಮಹಡಿಯ ಲಾಡ್ಜ್‌ಗೆ 8 ಝೋನ್‌ನ ಕನ್ವೆನ್ಷನಲ್ (ಕಟ್ಟಡದ ಯಾವ ಭಾಗ, ಅಂದರೆ ಯಾವ ಝೋನ್, ಅಂತ ಮಾತ್ರ ಹೇಳುವುದು), ಒಂದು ನರ್ಸಿಂಗ್ ಹೋಮ್‌ಗೆ ಒಂದು ಲೂಪ್‌ನ (ಒಂದು ಸುತ್ತು ವೈರಿನ) ಅಡ್ರೆಸಬಲ್ (ಹೊಗೆ ಪತ್ತೆ ಮಾಡುವ ಯಾವ ಡಿಟೆಕ್ಟರ್ ಅಂತಲೇ ಹೇಳುವುದು). ಯಾವುದು ಹಾಕಿಸೋಣ ಅಂತ ಕೇಳುವವರೆಲ್ಲ ಬೆಲೆ ಕೇಳುತ್ತಾರೆ, ಡಬ್ಬಿಯ ಒಳಗಿರುವ ಎರಡು ಬ್ಯಾಟರಿಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಕೇಳಬೇಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಜೀವ ಕಳೆದುಕೊಂಡರು. ಅಲ್ಲಿ ಹೊಗೆ ಎದ್ದಿದ್ದು ಕರೆಂಟ್ ಕೇಬಲ್ ಹೋಗುವ ಡಕ್ಟ್‌ನಲ್ಲಿ. ಬೆಂಕಿ ವೈರಿಂಗ್‌ನಲ್ಲೇ ಹುಟ್ಟಿದರೆ ಹೆಚ್ಚಾಗಿ ಮೊದಲು ಟ್ರಿಪ್ ಆಗುವುದು ಮೇನ್ಸ್. ಆಮೇಲೆ ಹೂಟರ್ ಕೂಗಬೇಕಾದದ್ದು ಬ್ಯಾಟರಿಯ ಬಲದಲ್ಲೇ, ಅಲ್ವಾ?

ಮೊದಲು ವೈರಿಂಗ್. ಕನ್ವೆನ್ಷನಲ್ ಸರಳ. ಝೋನ್‌ಗೆ ಎರಡು ವೈರ್, ಕೊನೆಯ ಡಿಟೆಕ್ಟರ್‌ನಲ್ಲಿ ಒಂದು ಎಂಡ್ ಆಫ್ ಲೈನ್ ರೆಸಿಸ್ಟರ್. ಲಾಡ್ಜ್‌ನಲ್ಲಿ ನನಗಿಂತ ಮೊದಲು ವೈರ್ ಎಳೆದವರು ಎಂಟೂ ರೆಸಿಸ್ಟರ್‌ಗಳನ್ನು ಪ್ಯಾನೆಲ್ ಒಳಗೇ ಸಿಕ್ಕಿಸಿ ಹೋಗಿದ್ದರು. ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ನಾನು ಎರಡನೇ ಮಹಡಿಯ ಒಂದು ಡಿಟೆಕ್ಟರ್ ಬಿಚ್ಚಿದೆ, ಫಾಲ್ಟ್ ಬರಲೇ ಇಲ್ಲ. ಪ್ಯಾನೆಲ್ ನೋಡುವುದು ಆ ರೆಸಿಸ್ಟರ್ ಮೂಲಕ ಹರಿಯುವ ಕರೆಂಟನ್ನು. ಅದು ಡಬ್ಬಿಯೊಳಗೇ ಇದ್ದರೆ ಹೊರಗಿನ ವೈರ್ ಇಲಿ ಕಡಿದರೂ ಗೊತ್ತಾಗುವುದಿಲ್ಲ. ಎಂಟನ್ನೂ ಲೈನಿನ ತುದಿಗೆ ಸಾಗಿಸಲು ಒಂದು ದಿನ ಪೂರ್ತಿ ಹಿಡಿಯಿತು.

ಅಡ್ರೆಸಬಲ್‌ನಲ್ಲಿ ವೈರ್ ಹೊರಟು ಮತ್ತೆ ಪ್ಯಾನೆಲ್‌ಗೇ ಬರುತ್ತದೆ. ಒಂದು ಕಡೆ ತುಂಡಾದರೆ ಫಾಲ್ಟ್ ತೋರಿಸುತ್ತದೆ, ಡಿಟೆಕ್ಟರ್‌ಗಳು ಎರಡೂ ತುದಿಯಿಂದ ಮಾತಾಡುತ್ತಲೇ ಇರುತ್ತವೆ. ಆದರೆ ಶಾರ್ಟ್ ಆದರೆ ಇಡೀ ಲೂಪ್ ಬೀಳಬಾರದು ಅಂದರೆ ನಡುನಡುವೆ ಶಾರ್ಟ್ ಆದ ಭಾಗವನ್ನು ಬೇರ್ಪಡಿಸುವ ಐಸೊಲೇಟರ್ ಇರಲೇಬೇಕು, ಅದರ ಖರ್ಚು ಉಳಿಸಲು ಹೋಗಬೇಡಿ.

ಲಾಡ್ಜ್‌ನಲ್ಲಿ ಒಮ್ಮೆ ಬಿಸಿನೀರಿನ ಆವಿಗೆ ಅಲಾರ್ಮ್ ಕೂಗಿತು. ಪ್ಯಾನೆಲ್ ಹೇಳಿದ್ದು 'ಝೋನ್ 3' ಅಂತ ಅಷ್ಟೇ. ರೂಮ್ ಬಾಯ್ 11 ಬಾಗಿಲು ತಟ್ಟಿದ ಮೇಲೆ ಎಲ್ಲಿ ಅಂತ ತಿಳಿಯಿತು. ನರ್ಸಿಂಗ್ ಹೋಮ್‌ನ ಪ್ಯಾನೆಲ್ ನೇರವಾಗಿ ರೂಮ್ ನಂಬರ್ ತೋರಿಸುತ್ತದೆ. ಹಾಸಿಗೆಯಿಂದ ಏಳಲಾಗದವರು ಇರುವ ಜಾಗಕ್ಕೆ ನಾನು ಇನ್ನು ಕನ್ವೆನ್ಷನಲ್ ಹಾಕುವುದಿಲ್ಲ. ಅಡ್ರೆಸಬಲ್‌ನಲ್ಲಿ ಡಿಟೆಕ್ಟರ್‌ಗಳ ಹೆಸರು ತುಂಬಿಸುವ ಕೆಲಸ ಮಾತ್ರ ಜಾಸ್ತಿ, ಎರಡು ಡಿಟೆಕ್ಟರ್‌ಗಳ ಹೆಸರು ಅದಲು ಬದಲಾಗಿದ್ದು ಒಂದೊಂದಕ್ಕೂ ಟೆಸ್ಟ್ ಸ್ಪ್ರೇ ಹೊಡೆದು ನೋಡಿದಾಗಲೇ ಸಿಕ್ಕಿತು.

ಈಗ ಬ್ಯಾಟರಿ. ಎರಡೂ ಪ್ಯಾನೆಲ್ 24 ವೋಲ್ಟಿನವು, 12 ವೋಲ್ಟಿನ ಎರಡು ಎಸ್‌ಎಂಎಫ್ (ನೀರು ಹಾಕಬೇಕಿಲ್ಲದ, ಸೀಲ್ ಮಾಡಿದ ಲೆಡ್ ಆಸಿಡ್) ಬ್ಯಾಟರಿ ಸೀರೀಸ್‌ನಲ್ಲಿ. ಅಂಗಡಿಯವರು ಕಣ್ಣು ಮುಚ್ಚಿಕೊಂಡು 7 ಎಎಚ್ (ಆಂಪ್ ಅವರ್, ಅಂದರೆ ಆಂಪನ್ನು ಗಂಟೆಯಿಂದ ಗುಣಿಸಿದ್ದು) ಕೊಡುತ್ತಾರೆ. ನೀವೇ ಲೆಕ್ಕ ಹಾಕಿ. ಲಾಡ್ಜ್‌ನ ಪ್ಯಾನೆಲ್ ಸುಮ್ನೆ ಇರುವಾಗ 0.12 ಆಂಪ್, ಹೂಟರ್ ಕೂಗುವಾಗ 1.1 ಆಂಪ್ ಎಳೆಯುತ್ತಿತ್ತು. ಕರೆಂಟ್ ಇಲ್ಲದೆ 24 ಗಂಟೆ ಕಾಯಲು 2.88, ಅರ್ಧ ಗಂಟೆ ಕೂಗಲು 0.55, ಒಟ್ಟು 3.43. ಬ್ಯಾಟರಿ ಹಳೆಯದಾಗುತ್ತದೆ ಅಂತ 1.25ರಿಂದ ಗುಣಿಸಿದರೆ 4.3. 7 ಸಾಕು. ನರ್ಸಿಂಗ್ ಹೋಮ್‌ನಲ್ಲಿ 0.23 ಮತ್ತು 1.5 ಆಂಪ್. ಅದೇ ಲೆಕ್ಕ 7.8 ಎಎಚ್‌ಗೆ ಬರುತ್ತದೆ. 7 ಸಾಲದು. ಪ್ಯಾನೆಲ್ ಜೊತೆ ಬಂದಿದ್ದು 7ರದ್ದೇ, ವಾಪಸ್ ಕೊಟ್ಟು 12 ಎಎಚ್ ಹಾಕಿದೆ. ಚಾರ್ಜರ್ ಅಷ್ಟು ದೊಡ್ಡ ಬ್ಯಾಟರಿಯನ್ನು ಚಾರ್ಜ್ ಮಾಡಬಲ್ಲದೇ ಅಂತ ಮ್ಯಾನ್ಯುಯಲ್ ನೋಡಿಯೇ ಹಾಕಿ.

ಲಿಥಿಯಂ ಐರನ್ ಫಾಸ್ಫೇಟ್ ಜೋಡಿಯನ್ನೂ ಟೇಬಲ್ ಮೇಲೆ ಜೋಡಿಸಿ ನೋಡಿದೆ. ಹಗುರ, ಬಾಳಿಕೆಯೂ ಜಾಸ್ತಿ. ಆದರೆ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಕಡಿಮೆ ಹಾಗೇ ನಿಂತು, ಆಮೇಲೆ ಬ್ಯಾಟರಿಯೊಳಗಿನ ಬೋರ್ಡ್ ಒಮ್ಮೆಗೇ ಕಟ್ ಮಾಡಿತು. ಪ್ಯಾನೆಲ್‌ಗೆ 'ಲೋ ಬ್ಯಾಟರಿ' ಅಂತ ಹೇಳಲು ಸಮಯವೇ ಸಿಗಲಿಲ್ಲ. ಪ್ಯಾನೆಲ್‌ನ ಚಾರ್ಜರ್ ಮಾಡಿರುವುದು ಲೆಡ್ ಆಸಿಡ್‌ಗೆ. ತೆಗೆದಿಟ್ಟೆ.

ಜೋಡಿಸುವಾಗ ಎರಡೂ ಕಡೆ ನನ್ನ ಕ್ರಮ ಒಂದೇ. ಪ್ಯಾನೆಲ್‌ಗೆ ಪ್ರತ್ಯೇಕ ಎಂಸಿಬಿ (ಟ್ರಿಪ್ ಸ್ವಿಚ್), ಅದರ ಮೇಲೆ 'ಆಫ್ ಮಾಡಬೇಡಿ' ಅಂತ ಕೆಂಪು ಚೀಟಿ. ಕೆಲಸಕ್ಕೆ ಮೊದಲು ಅದನ್ನು ಇಳಿಸಿ, ಟೇಪ್ ಸುತ್ತಿ, ಟರ್ಮಿನಲ್‌ನಲ್ಲಿ 230 ವೋಲ್ಟ್ ಇಲ್ಲ ಅಂತ ಮೀಟರ್‌ನಲ್ಲಿ ನೋಡುತ್ತೇನೆ. ಅರ್ಥಿಂಗ್ ಮೊದಲು. ಉಂಗುರ, ವಾಚ್ ತೆಗೆದಿಡಿ. 7 ಎಎಚ್ ಬ್ಯಾಟರಿ ಚಿಕ್ಕದು ಅನ್ನಬೇಡಿ, ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪ್ ಹರಿದು ಕೈ ಸುಡುತ್ತದೆ. ನಮ್ಮ ಎರಡೂ ಪ್ಯಾನೆಲ್‌ಗಳ ಮ್ಯಾನ್ಯುಯಲ್ ಪ್ರಕಾರ ಮೊದಲು ಮೇನ್ಸ್ ಕೊಟ್ಟು, ಬ್ಯಾಟರಿ ವೈರ್‌ನಲ್ಲಿ ಚಾರ್ಜರ್ ಸುಮಾರು 27.3 ವೋಲ್ಟ್ ಕೊಡುತ್ತಿದೆಯೇ ಅಂತ ನೋಡಿ, ಆಮೇಲೆ ಬ್ಯಾಟರಿ. ಕೆಂಪು ವೈರ್ ಒಂದು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಇನ್ನೊಂದರ ಮೈನಸ್‌ಗೆ, ಎರಡನ್ನೂ ಸೇರಿಸುವ ತುಂಡು ವೈರ್ ಕೊನೆಗೆ. ಬಿಚ್ಚುವಾಗ ಮೊದಲು ತೆಗೆಯುವುದು ಆ ತುಂಡನ್ನೇ.

ಇನ್ನೊಂದು ವಿಷಯ. ಲಾಡ್ಜ್‌ನ ಪ್ಯಾನೆಲ್ ಮೊದಲು ಅಡುಗೆಮನೆಯ ಗೋಡೆ ಮೇಲಿತ್ತು, ಎರಡೇ ವರ್ಷಕ್ಕೆ ಬ್ಯಾಟರಿ ಉಬ್ಬಿತು. 25 ಡಿಗ್ರಿಗಿಂತ 10 ಡಿಗ್ರಿ ಜಾಸ್ತಿ ಇದ್ದರೆ ಇವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪ್ಯಾನೆಲ್ಲನ್ನು ರಿಸೆಪ್ಷನ್‌ಗೆ ತಂದು ಎರಡನ್ನೂ ಒಟ್ಟಿಗೇ ಬದಲಾಯಿಸಿದೆ, ಒಂದು ಹಳೆಯದು ಒಂದು ಹೊಸದು ಯಾವತ್ತೂ ಸೇರಿಸಬಾರದು.

ಕೊನೆಗೆ ಇಬ್ಬರು ಮಾಲೀಕರಿಗೂ ಹೇಳಿ, ರಾತ್ರಿ ಕಾವಲಿಗೆ ಜನ ಇಟ್ಟು, ಸಂಜೆ 6ಕ್ಕೆ ಎಂಸಿಬಿ ಇಳಿಸಿದೆ. ಮರುದಿನ ಸಂಜೆ 6ಕ್ಕೆ ಲಾಡ್ಜ್‌ನಲ್ಲಿ 24.8 ವೋಲ್ಟ್, ನರ್ಸಿಂಗ್ ಹೋಮ್‌ನಲ್ಲಿ 24.6. ಎರಡೂ ಕಡೆ ಗ್ಲಾಸ್ ಬ್ರೇಕ್ (ಗೋಡೆ ಮೇಲಿನ, ಕೈಯಿಂದ ಅಲಾರ್ಮ್ ಕೊಡುವ ಡಬ್ಬಿ) ಒತ್ತಿ ಹೂಟರ್ ಅರ್ಧ ಗಂಟೆ ಕೂಗಿಸಿದೆ. ದನಿ ಇಳಿಯಲಿಲ್ಲ. ಬ್ಯಾಟರಿಗಳ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದು ಬಾಗಿಲು ಹಾಕಿದೆ.