ಡಿವಿಡಿ ಡ್ರೈವ್‌ಗೆ ‘ಹೊಸ ಡ್ರೈವರ್’ ಹಾಕಿಕೊಡ್ತೀವಿ ಅಂದರೆ ದುಡ್ಡು ಕೊಡಬೇಡಿ

ಮೊದಲೇ ಹೇಳಿಬಿಡ್ತೀನಿ. ಡ್ರೈವರ್ ಅಂದರೆ ಒಂದು ಯಂತ್ರಭಾಗದ ಜೊತೆ ವಿಂಡೋಸ್ ಮಾತಾಡೋಕೆ ಬೇಕಾದ ಪ್ರೋಗ್ರಾಮು. ವಿಂಡೋಸ್‌ನಲ್ಲಿ ಸಿಡಿ, ಡಿವಿಡಿ ಡ್ರೈವ್‌ಗೆ ಅದನ್ನ ಬೇರೆಯಾಗಿ ಹಾಕಬೇಕಾಗೋದೇ ಇಲ್ಲ. ಸಿಡಿರಾಮ್.ಸಿಸ್ ಅಂತ ಒಂದೇ ಫೈಲು, ವಿಂಡೋಸ್ ಜೊತೆಗೇ ಬರುತ್ತೆ. ಯಾವ ಕಂಪನಿ, ಯಾವ ಮಾಡೆಲ್ ಆದರೂ ಅದೇ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲ ಬೇರೆ, ಆಗ ಕಂಪ್ಯೂಟರ್ ಶುರುವಾಗುವಾಗ ಓದೋ ಎರಡು ಫೈಲುಗಳಿದ್ದವು: ಕಾನ್ಫಿಗ್.ಸಿಸ್‌ನಲ್ಲಿ ಡ್ರೈವರ್‌ಗೊಂದು ಸಾಲು, ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಎಂಎಸ್‌ಸಿಡಿಎಕ್ಸ್ ಅನ್ನೋ ಸಿಡಿ ಪ್ರೋಗ್ರಾಮಿಗೊಂದು ಸಾಲು, ಎರಡರಲ್ಲೂ ಅದೇ ಹೆಸರು, ಒಂದಕ್ಷರ ತಪ್ಪಿದರೂ ಡ್ರೈವ್ ಕಾಣ್ತಿರಲಿಲ್ಲ. ಇದೆಲ್ಲ ಗೊತ್ತಿದ್ದೂ ದುಡ್ಡು ಕಟ್ಟಿದೆ. ಗೊತ್ತಿದ್ದೂ!

ಹಳೇ ಡ್ರೈವ್ ಸಿಡಿ ಓದ್ತಿತ್ತು, ಡಿವಿಡಿ ಓದ್ತಿರಲಿಲ್ಲ. ಡ್ರೈವರ್‌ಗಳನ್ನ ಹೊಸದು ಮಾಡ್ತೀವಿ ಅನ್ನೋ ‘ಡ್ರೈವರ್ ಅಪ್‌ಡೇಟರ್’ ಸಾಫ್ಟ್‌ವೇರ್ ಒಂದನ್ನ ಇಳಿಸಿ ಸ್ಕ್ಯಾನ್ ಕೊಟ್ಟರೆ ಕೆಂಪಕ್ಷರದಲ್ಲಿ ಬಂತು: ‘ಡಿವಿಡಿ ಡ್ರೈವರ್, ತಾರೀಖು 21-06-2006, ತುಂಬಾ ಹಳೆಯದು, ಅಪಾಯ.’ ಮೋಸ ಹೋಗಿದ್ದು ಇಲ್ಲೇ. ಯಂತ್ರಭಾಗಗಳ ಪಟ್ಟಿ ತೋರಿಸೋ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆಗೆದು ನೋಡಿದೆ, ಅಲ್ಲೂ 2006. ಸರಿಯಾಗೇ ಹೇಳ್ತಿದೆಯಲ್ಲ ಅನ್ನಿಸ್ತು. ಆ ತಾರೀಖಿನ ಕೆಳಗೇ ಇರೋ ಆವೃತ್ತಿ ಸಂಖ್ಯೆ ಓದಿದ್ದರೆ ಸಾಕಿತ್ತು, ಅದು 10ರಿಂದ ಶುರು, ಅಂದರೆ ನನ್ನ ವಿಂಡೋಸ್ 10ರದ್ದೇ. ಮೈಕ್ರೋಸಾಫ್ಟ್ ತನ್ನ ಡ್ರೈವರ್‌ಗಳಿಗೆ ಬೇಕಂತಲೇ 2006ರ ತಾರೀಖು ಹಾಕುತ್ತೆ, ತಯಾರಕರ ಡ್ರೈವರ್ ಇದ್ದರೆ ಅದು ಹೊಸದಾಗಿ ಕಂಡು ಅದಕ್ಕೆ ಆದ್ಯತೆ ಸಿಗಲಿ ಅಂತ. ಈ ಅಪ್‌ಡೇಟರ್‌ಗಳ ವ್ಯಾಪಾರ ನಡೆಯೋದೇ ಆ ಒಂದು ತಾರೀಖಿನ ಮೇಲೆ.

ಇನ್ನೊಂದು. ಸಿಡಿ ಓದಿ ಡಿವಿಡಿ ಓದದಿದ್ದರೆ ಅದು ಸಾಮಾನ್ಯವಾಗಿ ಡ್ರೈವರ್ ದೋಷ ಆಗಿರಲ್ಲ. ಎರಡಕ್ಕೂ ಡ್ರೈವರ್ ಒಂದೇ, ಲೇಸರ್ ಮಾತ್ರ ಬೇರೆ: ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650. ಒಂದು ಸೋತು ಇನ್ನೊಂದು ನಡೀಬಹುದು, ಇಲ್ಲವೇ ಲೆನ್ಸ್ ಮೇಲೆ ಧೂಳು. ಇದೂ ಗೊತ್ತಿತ್ತು, ಏನು ಹೇಳಲಿ.

ದುಡ್ಡು ಕಟ್ಟಿ ‘ಅಪ್‌ಡೇಟ್’ ಒತ್ತಿ ರೀಸ್ಟಾರ್ಟ್ ಮಾಡಿದೆ. ಡಿವಿಡಿ ಹಾಗೇ ಇತ್ತು. ಸಿಟ್ಟಿಗೆ ಅವರ ಸಾಫ್ಟ್‌ವೇರನ್ನೇ ಕಿತ್ತುಹಾಕಿದೆ. ಆಮೇಲೆ ಡ್ರೈವೇ ಮಾಯ! ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 39, ಅಂದರೆ ಡ್ರೈವರ್ ಲೋಡ್ ಆಗ್ತಿಲ್ಲ ಅಂತ. ಅಪ್‌ಡೇಟರ್ ಕಂಪನಿಗೇ ಸಹಾಯ ಕೇಳಿ ಬರೆದರೆ ಬಂದ ಉತ್ತರಗಳು ಇವು.

‘ಸರ್, ನಿಮ್ಮ ಡ್ರೈವ್ ಹಳೆಯದು, ಪ್ರೀಮಿಯಂ ಪ್ಲಾನ್‌ನಲ್ಲಿ ಹಳೆ ಡ್ರೈವರ್‌ಗಳು ಸಿಗುತ್ತವೆ.’

ಅಲ್ರೀ, ಹಳೇದು ಅಪಾಯ ಅಂದಿದ್ದು ನೀವೇ ತಾನೇ? ಅಂತ ಕೇಳಿದೆ.

‘ಸರ್, ಫರ್ಮ್‌ವೇರ್ ಬದಲಿಸಿದರೆ ಸರಿಹೋಗುತ್ತೆ, ಫೈಲು ಕಳಿಸ್ತೀವಿ.’

ಕಳಿಸಿದ್ದು ಬೇರೆ ಮಾಡೆಲ್‌ನ ಫೈಲು. ಅದನ್ನ ಓಡಿಸಿದ್ದರೆ ಡ್ರೈವ್ ಅಲ್ಲಿಗೇ ಸಾಯಬಹುದಿತ್ತು; ಫರ್ಮ್‌ವೇರ್ ಅಂದರೆ ಡ್ರೈವನ್ನ ಒಳಗಿಂದ ನಡೆಸೋ ಪ್ರೋಗ್ರಾಮು, ಇರೋದು ಡ್ರೈವ್‌ನ ಚಿಪ್‌ನೊಳಗೆ, ವಿಂಡೋಸ್ ಮತ್ತೆ ಹಾಕಿದರೂ ಅದು ವಾಪಸ್ ಬರಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ: ‘ಸರ್, ಅಪ್‌ಡೇಟ್ ಯಶಸ್ವಿಯಾಗಿದೆ ಅಂತ ನಮ್ಮಲ್ಲಿ ದಾಖಲಾಗಿದೆ.’ ಯಶಸ್ವಿಯಂತೆ! ಡ್ರೈವೇ ಕಾಣ್ತಿಲ್ಲ, ಯಶಸ್ವಿಯಂತೆ.

ಆಗಿದ್ದು ಇಷ್ಟು. ಅವರು ಹಾಕಿದ್ದು ಡ್ರೈವ್‌ನ ಡ್ರೈವರ್ ಅಲ್ಲ, ಸಿಡಿರಾಮ್.ಸಿಸ್ ಮೇಲೆ ಕೂತು ನಡುವೆ ಕೈಹಾಕೋ ಒಂದು ಫಿಲ್ಟರ್ ಡ್ರೈವರ್. ಕಿತ್ತಾಗ ಅದರ ಫೈಲು ಹೋಯ್ತು, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನ ಬರೆದಿಡೋ ರಿಜಿಸ್ಟ್ರಿಯಲ್ಲಿ ಹೆಸರು ಉಳೀತು. ವಿಂಡೋಸ್ ಆ ಹೆಸರು ಹುಡುಕುತ್ತೆ, ಸಿಗಲ್ಲ, ಇಡೀ ಡ್ರೈವನ್ನೇ ನಿಲ್ಲಿಸಿಬಿಡುತ್ತೆ. ಡಿಸ್ಕ್‌ಗೆ ಬರೆಯೋ ಹಳೇ ಬರ್ನಿಂಗ್ ಸಾಫ್ಟ್‌ವೇರ್ ಅರ್ಧಂಬರ್ಧ ಕಿತ್ತರೂ ಇದೇ ಕಥೆ.

ಸರಿಮಾಡೋದು ಹೀಗೆ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್, ಹೀಗೆ ಒಂದರೊಳಗೊಂದು ತೆಗೀತಾ ಹೋಗಿ. ಅಲ್ಲಿ 4ಡಿ36ಇ965 ಅಂತ ಶುರುವಾಗೋ ಕೀ (ಫೋಲ್ಡರ್ ತರ ಕಾಣುತ್ತೆ) ಹುಡುಕಿ. ಈ ಶುರುವಿನ ಭಾಗದ ಕೊನೇ ಅಂಕಿ ಐದು, ಕಣ್ಣಿಟ್ಟು ನೋಡಿ. ಏಳು ಇರೋದು ಹಾರ್ಡ್‌ಡಿಸ್ಕಿನದು, ಅಲ್ಲಿ ಕೈಯಾಡಿಸಿದರೆ ವಿಂಡೋಸೇ ಬೂಟ್ ಆಗಲ್ಲ. ಮೊದಲು ಆ ಕೀಯನ್ನ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಬಲಗಡೆ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಇದ್ದರೆ ಅಳಿಸಿ, ರೀಸ್ಟಾರ್ಟ್ ಮಾಡಿ. ಡ್ರೈವ್ ವಾಪಸ್. ಬೇಕಾಗಿದ್ದ ಬರ್ನಿಂಗ್ ಸಾಫ್ಟ್‌ವೇರ್ ಆಮೇಲೆ ತಕರಾರು ಮಾಡಿದರೆ ಅದನ್ನ ಮತ್ತೆ ಇನ್‌ಸ್ಟಾಲ್ ಮಾಡಿ, ಅಷ್ಟೇ.

ಡ್ರೈವನ್ನೇ ಬಿಚ್ಚಿ ತೆಗೀತೀರಾದರೆ ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ. ಮಸುಕಾಗಿ ಕಾಣೋ ಹಳೇ ಹೆಸರನ್ನ ಅನ್‌ಇನ್‌ಸ್ಟಾಲ್ ಮಾಡಿ. ಹೊತ್ತಿಗೆ ಸರಿಯಾಗಿ ಪ್ರೋಗ್ರಾಮು ಓಡಿಸೋ ಟಾಸ್ಕ್ ಶೆಡ್ಯೂಲರ್‌ನಲ್ಲೂ ನೋಡಿ, ಅಪ್‌ಡೇಟರ್ ಕಿತ್ತ ಮೇಲೂ ಅದರ ಕೆಲಸವೊಂದು ಅಲ್ಲಿ ಕೂತಿರಬಹುದು. ಕಾರ್ಡಿನಲ್ಲಿ ಆಟೋ ರಿನ್ಯೂವಲ್ ರದ್ದು ಮಾಡೋದು ಮರೀಬೇಡಿ.

ನಾನು ಇದಷ್ಟನ್ನೂ ತಡವಾಗಿ ಮಾಡಿದೆ. ಸೋತ ಡ್ರೈವನ್ನ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೆ, ಕೇಬಲ್ ಕೂಡ ಇಲ್ಲ. ಮೂಲೆಯಲ್ಲಿ ಮತ್ತೆ ಆ ಕೆಂಪು ಪೆಟ್ಟಿಗೆ: ‘ನಿಮ್ಮ ಡಿವಿಡಿ ಡ್ರೈವರ್ ಹಳೆಯದಾಗಿದೆ.’