19 ವರ್ಷದಿಂದ ನನ್ನ ಜೊತೆಗಿರುವ ಸ್ನೇರ್: ಲಡ್ವಿಗ್ ಸುಪ್ರಾಫೋನಿಕ್ 400

ನಾನು ಸೆಷನ್ ಡ್ರಮ್ಮರ್, ಅಂದರೆ ಬೇರೆಯವರ ರೆಕಾರ್ಡಿಂಗ್‌ಗೆ ಹೋಗಿ ಡ್ರಮ್ ನುಡಿಸುವವನು. ಬೆಳಿಗ್ಗೆ ಜಾಹೀರಾತಿನ ಜಿಂಗಲ್, ಮಧ್ಯಾಹ್ನ ನಿಧಾನದ ಹಾಡಿಗೆ ಬ್ರಷ್, ರಾತ್ರಿ ರಾಕ್. ನಡುವೆ ಶೇಕರ್, ಟಾಂಬರಿನ್, ಕಾಂಗಾ ಏನು ಕೇಳಿದರೂ ನುಡಿಸಬೇಕು. ಸ್ಟುಡಿಯೋದಲ್ಲಿ ಕಿಕ್, ಟಾಮ್ ಸಾಮಾನ್ಯವಾಗಿ ಇರುತ್ತವೆ. ಸ್ನೇರ್ (ಕೆಳಗೆ ತಂತಿ ಬಿಗಿದ ಡ್ರಮ್), ಸಿಂಬಲ್, ಪೆಡಲ್ ನಮ್ಮದೇ. ಆ ಸ್ನೇರ್ ಒಂದೇ ಇರಬೇಕು, ಎಲ್ಲಾ ಹಾಡಿಗೂ ಒಗ್ಗಬೇಕು. ನನಗೆ ಅದು ಸುಪ್ರಾಫೋನಿಕ್.

14 ಇಂಚು ಅಗಲ, 5 ಇಂಚು ಆಳ, 10 ಲಗ್ (ಹೊದಿಕೆ ಬಿಗಿ ಮಾಡುವ ತಿರುಪಿನ ಜೋಡಣೆ). ಬೆಸುಗೆ ಇಲ್ಲದ ಅಲ್ಯೂಮಿನಿಯಂ ಶೆಲ್ (ಡ್ರಮ್ಮಿನ ಒಡಲು), ಮೇಲೆ ಕ್ರೋಮ್. ಪೆಟ್ಟು ಬಿದ್ದ ತಕ್ಷಣ ದನಿ ಏಳುತ್ತದೆ, ಹಿತ್ತಾಳೆಯ ಹಾಗೆ ಜಾಸ್ತಿ ಹೊತ್ತು ಗುಂಯ್‌ಗುಡುವುದಿಲ್ಲ. ಹಾಡುವವರ ದನಿಗೆ ಅಡ್ಡ ಬರಬಾರದು ಅಲ್ವಾ? 1960ರ ದಶಕದಿಂದ ಸ್ಟುಡಿಯೋಗಳಲ್ಲಿರುವ ಇದನ್ನು ಅತಿ ಹೆಚ್ಚು ರೆಕಾರ್ಡ್ ಆದ ಸ್ನೇರ್ ಅನ್ನುತ್ತಾರೆ. ನಾನಂತೂ ನಂಬುತ್ತೇನೆ.

ಒಂದು ಸೆಷನ್ ಹೇಳುತ್ತೇನೆ. ನಿಧಾನದ ಹಾಡು. ಹೆಡ್‌ಫೋನ್‌ನಲ್ಲಿ ಪ್ರೊಡ್ಯೂಸರ್, "ಸರ್, ಸ್ನೇರ್ ಸ್ವಲ್ಪ ದಪ್ಪ ಬೇಕು" ಅಂದರು. ನನ್ನ ಕಡೆಯ ಎರಡು ಲಗ್ ಸಡಿಲಿಸಿದೆ. ಕರ್ಚೀಫು ಮಡಚಿ ಅಂಚಿಗಿಟ್ಟೆ. "ಠಣ್" ಅನ್ನುತ್ತಿದ್ದದ್ದು "ಧಪ್" ಅಂದಿತು. ಮುಂದಿನ ಹಾಡಿಗೆ ಫಂಕ್ ಬೀಟ್. ಅವೇ ಎರಡು ಲಗ್ ಬಿಗಿ ಮಾಡಿ ಕರ್ಚೀಫು ತೆಗೆದೆ, ಅಷ್ಟೇ. ಕಡ್ಡಿಯ ತುದಿಯನ್ನು ಒಂದಿಂಚು ಎತ್ತರದಿಂದ ಸುಮ್ನೆ ಬೀಳಿಸಿದರೂ ಕೆಳಗಿನ ತಂತಿ ಪಿಸುಗುಟ್ಟುತ್ತದೆ. ಘೋಸ್ಟ್ ನೋಟ್ ಅನ್ನುವ ಆ ಮೆಲುಪೆಟ್ಟುಗಳು ಮೈಕ್‌ನಲ್ಲಿ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತವೆ. ಇದನ್ನು ಇಟ್ಟುಕೊಂಡು ನೆಲ ಡೊಂಕು ಅನ್ನುವ ಹಾಗಿಲ್ಲ.

ಇದಕ್ಕೆ ಮುಂಚೆ ಬೇರೆ ಕಂಪನಿಯ ಸ್ನೇರ್ ಇತ್ತು. ಜೋರಾಗಿ ರಿಮ್‌ಶಾಟ್ (ಅಂಚಿಗೂ ಹೊದಿಕೆಗೂ ಒಟ್ಟಿಗೆ ಬೀಳುವ ಪೆಟ್ಟು) ಹೊಡೆದರೆ ಒಂದು ಲಗ್ ತಾನಾಗಿ ಸಡಿಲವಾಗುತ್ತಿತ್ತು. ಒಂದು ಸಲ ಪಲ್ಲವಿ ಬರುವಷ್ಟರಲ್ಲಿ ಶ್ರುತಿ ಇಳಿದು ಆರು ಟೇಕ್ ಹಾಳಾಯಿತು. ಗಿಟಾರ್, ಬಾಸ್ ನುಡಿಸುವವರೆಲ್ಲ ಕಾಯುತ್ತಾ ಕೂತಿದ್ದರು. ಆವತ್ತಿನ ಸಂಕಟ ಇನ್ನೂ ಮರೆತಿಲ್ಲ.

ಮರದ ಸ್ನೇರ್‌ನ ಬೆಚ್ಚಗಿನ ದನಿ ಬೇಕಾದವರಿಗೆ ಇದು ಸರಿಹೋಗದು. ಭಾರಿ ರಾಕ್‌ಗೆ ಇದರ ಅಣ್ಣ 402 ವಾಸಿ. ಅದು ಆರೂವರೆ ಇಂಚು ಆಳ, ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಡ್ರಮ್ಮರ್ ಜಾನ್ ಬೋನಮ್ ನುಡಿಸುತ್ತಿದ್ದದ್ದು ಅದನ್ನೇ. ನನಗೆ ಬೇಕಾದಾಗ ಗೆಳೆಯರಿಂದ ತರುತ್ತೇನೆ.

ಸೆಷನ್ ಕೆಲಸ ಶುರು ಮಾಡುವವರು ಪೂರ್ತಿ ಕಿಟ್‌ಗೆ ದುಡ್ಡು ಹಾಕುವ ಮುಂಚೆ ಇಂಥ ಒಂದು ಸ್ನೇರ್ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಎರಡೂ ಹೆಡ್ (ಹೊದಿಕೆ) ಬಿಚ್ಚಿಸಿ, ಶೆಲ್ಲನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಒಳಗಿನಿಂದ ಟಾರ್ಚ್ ಬಿಡಿ. ಕೆಳಗಿನ ಅಂಚಿನಲ್ಲಿ ತಂತಿ ಕೂರಲು ಬಿಟ್ಟಿರುವ ತಗ್ಗು ಬಿಟ್ಟು ಬೇರೆಲ್ಲಾದರೂ ಅಂಚಿನ ಕೆಳಗೆ ಬೆಳಕು ಇಣುಕಿದರೆ ಬೇರೆಯದನ್ನು ನೋಡಿ.