ಬಳ್ಳಾರಿಯಲ್ಲಿ ಹಡಗಿನ ನಕ್ಷೆ: ಒಂದು ವಿನ್ಯಾಸ ಗುತ್ತಿಗೆ ಕಚೇರಿಯ ಸೇವೆ ಹೇಗಿದೆ?

ಬಳ್ಳಾರಿಯಲ್ಲಿ ಕುಳಿತು ಸರ್ಕಾರಿ ಹಡಗಿನ ನಕ್ಷೆ ಬರೆಯುತ್ತಾರೆ ಎಂದರೆ ನಮ್ಮೂರಿನವರೇ ನಂಬುವುದಿಲ್ಲ. ಮುಖ್ಯ ಗುತ್ತಿಗೆದಾರರ ಪರವಾಗಿ ವಿನ್ಯಾಸ ತಂಡಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗಸ್ತು ಹಡಗೊಂದರ ಕೆಲವು ಬ್ಲಾಕ್‌ಗಳ (ಬೇರೆಬೇರೆಯಾಗಿ ಕಟ್ಟಿ ಆಮೇಲೆ ಜೋಡಿಸುವ ಭಾಗಗಳ) ಉತ್ಪಾದನಾ ನಕ್ಷೆಗಳನ್ನು ಹೊಸಪೇಟೆ ರಸ್ತೆಯ ಮಹಡಿಯೊಂದರಲ್ಲಿರುವ ಸಣ್ಣ ಕಚೇರಿಗೆ ವಹಿಸಿದ್ದೆವು. ಕರಾರಿನ ಗೋಪ್ಯತೆಯ ಷರತ್ತಿನಿಂದಾಗಿ ಕಚೇರಿಯ ಹೆಸರನ್ನಾಗಲಿ ಹಡಗಿನ ಹೆಸರನ್ನಾಗಲಿ ಬರೆಯುವಂತಿಲ್ಲ. ಆದರೂ ಈ ಭಾಗದ ಡಿಟೇಲಿಂಗ್ (ವಿವರ ನಕ್ಷೆ ಬರೆಯುವ) ಕಚೇರಿಗಳಿಗೆ ಇಂಥ ಕೆಲಸ ಕೊಡಬಹುದೇ ಎಂದು ಹಲವರು ಕೇಳುತ್ತಿರುವುದರಿಂದ, ಅವರ ಸೇವೆಯ ಬಗ್ಗೆ ನನಗನಿಸಿದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಇಲ್ಲಿಯ ಹುಡುಗರಲ್ಲಿ ಹೆಚ್ಚಿನವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸಗಳಲ್ಲಿ ಪಳಗಿದವರು. ಕನ್ವೇಯರ್ ಗ್ಯಾಲರಿ, ಪೈಪ್ ರ‍್ಯಾಕ್, ಗ್ಯಾಸ್ ಡಕ್ಟ್‌ಗಳ ನಕ್ಷೆ ಬರೆದು ಬಂದವರಿಗೆ ಪ್ಲೇಟು, ವೆಲ್ಡಿಂಗು, ಕಟಿಂಗ್ ಪಟ್ಟಿ ಹೊಸದಲ್ಲ. ಚಾನೆಲ್, ಆ್ಯಂಗಲ್‌ಗಳ ಬದಲು ಬಲ್ಬ್ ಫ್ಲಾಟ್ (ಒಂದು ಅಂಚು ಉಬ್ಬಿದ ಉಕ್ಕಿನ ಪಟ್ಟಿ) ಬಳಸುವುದನ್ನು ಮತ್ತು ಫ್ರೇಮ್, ಅಂದರೆ ಹಡಗಿನ ಅಡ್ಡ ಪಕ್ಕೆಲುಬುಗಳ, ಸಂಖ್ಯೆಗಳ ಮೇಲೆ ಅಳತೆ ಹಿಡಿಯುವುದನ್ನು ಅವರು ಬೇಗ ಕಲಿತರು. ನಕ್ಷೆಯ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ.

ಆದರೆ ನಾನು ಈ ಕಚೇರಿಗೆ ಹೆಚ್ಚು ಅಂಕ ಕೊಡುವುದು ನಕ್ಷೆಗಲ್ಲ, ಅವರು ಪ್ರಶ್ನೆ ಕೇಳುವ ರೀತಿಗೆ. ಸರ್ಕಾರಿ ಹಡಗಿನ ಕೆಲಸದಲ್ಲಿ ಒಂದು ಸಂದೇಹ ಉಪಗುತ್ತಿಗೆದಾರರಿಂದ ನಮಗೆ, ನಮ್ಮಿಂದ ಹಡಗುಕಟ್ಟೆಗೆ, ಅಲ್ಲಿಂದ ಮೇಲ್ವಿಚಾರಣೆಯ ಅಧಿಕಾರಿಗಳಿಗೆ ಮತ್ತು ಹಡಗು ನಿಯಮಕ್ಕೆ ತಕ್ಕಂತಿದೆಯೇ ಎಂದು ಪರಿಶೀಲಿಸುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ವರ್ಗೀಕರಣ ಸಂಸ್ಥೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಬೇಕು. ಅಷ್ಟು ಹೊತ್ತು ಕಾಯುವುದೇಕೆ ಎಂದು ಬಹಳಷ್ಟು ತಂಡಗಳು ಊಹೆಯ ಮೇಲೆ ಗೆರೆ ಎಳೆದುಬಿಡುತ್ತವೆ. ಇವರು ಹಾಗೆ ಮಾಡುವುದಿಲ್ಲ. ಡೆಕ್ಕಿನ ಕೆಳಗಿನ ಗರ್ಡರ್ ಒಂದರಲ್ಲಿ ಪೈಪ್ ದಾಟಲು ಬೇಕಾದ ರಂಧ್ರವು ಬಲ್ಬ್ ಫ್ಲಾಟ್ ಹಾಯುವ ಸೀಳಿಗೆ ತೀರ ಹತ್ತಿರ ಬಂದಿತ್ತು. ಅದರ ಬಗ್ಗೆ ಅವರು ಕಳಿಸಿದ ಪತ್ರದಲ್ಲಿ ನಕ್ಷೆಯ ಸಂಖ್ಯೆ, ಅದು ಎಷ್ಟನೇ ತಿದ್ದುಪಡಿಯೆಂದು ತೋರಿಸುವ ಪರಿಷ್ಕರಣೆಯ ಅಕ್ಷರ, ರಂಧ್ರವನ್ನು ಎಷ್ಟು ಸರಿಸಿದರೆ ಸಾಕೆಂಬ ಅವರದೇ ಸಲಹೆ, ಉತ್ತರ ತಡವಾದರೆ ಯಾವ ಯಾವ ಹಾಳೆ ನಿಲ್ಲುತ್ತದೆಂಬ ಪಟ್ಟಿ ಎಲ್ಲವೂ ಇದ್ದವು. 'ಉತ್ತರ ಬರೋತನಕ ಈ ಶೀಟ್ ಬಿಡಂಗಿಲ್ರಿ ಸರ್, ಪಕ್ಕದ ಬ್ಲಾಕ್ ಹಿಡಿತೀವಿ' ಎಂದು ತಂಡದ ಮುಖ್ಯಸ್ಥೆ ಫೋನಿನಲ್ಲಿ ಹೇಳಿದಾಗ, ವೇಳಾಪಟ್ಟಿಯ ಹೊಣೆ ಹೊತ್ತ ನನಗೆ ಸ್ವಲ್ಪ ಕಿರಿಕಿರಿಯಾದದ್ದು ನಿಜ. ಅವರು ಮಾಡಿದ್ದೇ ಸರಿ.

ಇದರ ಬೆಲೆ ತಿಳಿಯಬೇಕಾದರೆ ಅಮೆರಿಕದ ಕಾನ್‌ಸ್ಟೆಲೇಷನ್ ವರ್ಗದ ಫ್ರಿಗೇಟ್‌ಗಳನ್ನು (ಮಧ್ಯಮ ಗಾತ್ರದ ಯುದ್ಧನೌಕೆಗಳನ್ನು) ನೋಡಬೇಕು. ಇಟಲಿ ಮತ್ತು ಫ್ರಾನ್ಸ್ ಬಳಸುತ್ತಿರುವ ವಿನ್ಯಾಸವನ್ನೇ ಆಧಾರವಾಗಿ ತೆಗೆದುಕೊಂಡಿದ್ದರೂ ಬದಲಾವಣೆಯ ಮೇಲೆ ಬದಲಾವಣೆ ಸೇರಿತು. ವಿನ್ಯಾಸ ಮುಗಿಯುವ ಮೊದಲೇ 2022ರಲ್ಲಿ ನಿರ್ಮಾಣ ಆರಂಭಿಸಲಾಯಿತು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯು 2024ರ ವರದಿಯಲ್ಲಿ ಅಪೂರ್ಣ ವಿನ್ಯಾಸ ಮತ್ತು ಏರುತ್ತಿರುವ ತೂಕ ಎರಡನ್ನೂ ಎತ್ತಿ ತೋರಿಸಿತು. 2026ಕ್ಕೆ ಬರಬೇಕಾಗಿದ್ದ ಮೊದಲ ಹಡಗು 2029ಕ್ಕೆ ಸರಿಯಿತು.

ತೂಕದ ಮಾತು ಬಂದಾಗ ಬಳ್ಳಾರಿಯ ಕಚೇರಿಯ ದೌರ್ಬಲ್ಯವನ್ನೂ ಹೇಳಬೇಕು. ಕಾರ್ಖಾನೆಯಲ್ಲಿ ಒಂದು ಬ್ರ್ಯಾಕೆಟ್ಟನ್ನು ಎರಡು ಮಿಲಿಮೀಟರ್ ದಪ್ಪ ಮಾಡಿದರೆ ಯಾರೂ ಕೇಳುವುದಿಲ್ಲ, ಗಟ್ಟಿಯಾಯಿತೆಂದು ಹೊಗಳುವವರೂ ಇದ್ದಾರೆ. ಹಡಗಿನ ಮೇಲಿನ ಡೆಕ್ಕುಗಳಲ್ಲಿ ಅದೇ ಔದಾರ್ಯ ತೋರಿದರೆ ಗುರುತ್ವ ಕೇಂದ್ರ ಮೇಲೇರುತ್ತದೆ, ಸ್ಥಿರತೆ ಕುಗ್ಗುತ್ತದೆ. ಹಡಗು ಬಹುಪಾಲು ಪೂರ್ಣವಾದ ಮೇಲೆ ನಡೆಯುವ ಇನ್‌ಕ್ಲೈನಿಂಗ್ ಪರೀಕ್ಷೆಯಲ್ಲಿ (ತೂಕ ಸರಿಸಿ ಹಡಗು ಎಷ್ಟು ವಾಲುತ್ತದೆಂದು ಅಳೆಯುವ ಪರೀಕ್ಷೆ) ಅದು ಬಯಲಾದರೆ ಸರಿಪಡಿಸುವುದು ಬಲು ದುಬಾರಿ. ಪ್ರತಿ ಬ್ಲಾಕಿನ ತೂಕ ಮತ್ತು ಗುರುತ್ವ ಕೇಂದ್ರದ ವರದಿ ನಕ್ಷೆಯ ಜೊತೆಗೇ ಬರಬೇಕೆಂದು ಕರಾರಿನಲ್ಲಿತ್ತು. ಬಂದದ್ದು ತಡವಾಗಿ, ಅದೂ ವೆಲ್ಡಿನ ತೂಕ ಬಿಟ್ಟು. ನೆನಪಿಸಿದಾಗಲೆಲ್ಲ ಸೌಜನ್ಯದಿಂದ ತಿದ್ದಿಕೊಟ್ಟರು. ಮುಂದಿನ ಬ್ಲಾಕಿನಲ್ಲಿ ಮತ್ತೆ ಅದೇ ಕಥೆ.

ಇನ್ನೊಂದು ದೂರು ಇದಕ್ಕಿಂತ ಗಂಭೀರವಾದದ್ದು. ಪೈಪಿಂಗ್ ಐಸೊಮೆಟ್ರಿಕ್‌ಗಳ (ಪೈಪುಗಳನ್ನು ಮೂರು ಆಯಾಮದಲ್ಲಿ ತೋರಿಸುವ ನಕ್ಷೆಗಳ) ಒಂದು ಭಾಗವನ್ನು ಅವರು ನಮಗೆ ತಿಳಿಸದೆ ಮತ್ತೊಬ್ಬರಿಗೆ ಹಂಚಿದ್ದರು. ರಚನೆಯ ನಕ್ಷೆ ಸಿ ಪರಿಷ್ಕರಣೆಗೆ ಬಂದಿದ್ದಾಗ ಪೈಪಿನವರು ಇನ್ನೂ ಬಿ ಹಿಡಿದು ಕೂತಿದ್ದರಿಂದ ಎರಡೂ ಒಂದಕ್ಕೊಂದು ತಾಳೆಯಾಗಲಿಲ್ಲ. ಒಂದೇ ವಿನ್ಯಾಸವನ್ನು ಎರಡು ಕಡೆ ಕಟ್ಟುವ ಯೋಜನೆಗಳಲ್ಲಿ ಇಂಥ ತಪ್ಪು ಎರಡು ಕಡೆಯೂ ಮರುಕಳಿಸುತ್ತದೆ. ನೌಕಾಪಡೆಯ ಪ್ರಾಜೆಕ್ಟ್ 17ಎ ಅಡಿಯ 7 ಫ್ರಿಗೇಟ್‌ಗಳಲ್ಲಿ 4 ಮುಂಬೈನ ಮಝಗಾಂವ್ ಡಾಕ್‌ಗೆ, 3 ಕೋಲ್ಕತ್ತದ ಗಾರ್ಡನ್ ರೀಚ್‌ಗೆ ಸಂದವು ಎಂಬುದನ್ನು ನೆನೆದರೆ ಪರಿಷ್ಕರಣೆಯ ಶಿಸ್ತಿನ ಮಹತ್ವ ತಿಳಿಯುತ್ತದೆ. ಗೋಪ್ಯತೆಯ ದೃಷ್ಟಿಯಿಂದಂತೂ ಈ ಹಂಚಿಕೆ ಒಪ್ಪತಕ್ಕದ್ದಲ್ಲ. ತಮ್ಮ ಕಚೇರಿಯಲ್ಲಿ ಇಂಟರ್ನೆಟ್ ಇಲ್ಲದ ಪ್ರತ್ಯೇಕ ಕೋಣೆ, ಸೀಲ್ ಮಾಡಿದ ಯುಎಸ್‌ಬಿ ಕಿಂಡಿಗಳು, ಬಾಗಿಲಲ್ಲೇ ಮೊಬೈಲ್ ಇಡುವ ಪೆಟ್ಟಿಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಇಟ್ಟವರು ಹೀಗೇಕೆ ಮಾಡಿದರೋ!

ದರ ನ್ಯಾಯವಾಗಿದೆ, ಬೆಂಗಳೂರಿನ ಕಚೇರಿಗಳಿಗಿಂತ ಕಡಿಮೆ. ಬೇಸಿಗೆಯ ಕರೆಂಟ್ ಕಾಟಕ್ಕೆ ಯುಪಿಎಸ್, ಜನರೇಟರ್ ಎರಡೂ ಇವೆ. ಕೆಲಸ ಕಲಿತವರು ಹೈದರಾಬಾದಿಗೋ ಬೆಂಗಳೂರಿಗೋ ಹೊರಟುಬಿಡುವುದು ಮಾತ್ರ ತಪ್ಪಿದ್ದಲ್ಲ. ಬದಲಿ ಬರುವವರ ಹೆಸರು ಮತ್ತು ಅನುಭವವನ್ನು ಮೊದಲೇ ಕೇಳಿ ಪಡೆಯಬೇಕು.

ರಚನೆಯ ಉತ್ಪಾದನಾ ನಕ್ಷೆಗಳಿಗೆ ಈ ಕಚೇರಿಯನ್ನು ನಾನು ಹಿಂಜರಿಯದೆ ಸೂಚಿಸುತ್ತೇನೆ, ಪೈಪಿಂಗ್‌ಗೆ ಸದ್ಯಕ್ಕೆ ಇಲ್ಲ. ಕೆಲಸ ಕೊಡುವವರು ಪ್ರತಿ ಹಾಳೆಗೆ ಇಷ್ಟೆಂದು ಹಣ ನಿಗದಿ ಮಾಡದೆ, ತೂಕದ ವರದಿ ಒಪ್ಪಿತವಾದ ಮೇಲೆಯೇ ಆ ಬ್ಲಾಕಿನ ಕೊನೆಯ ಕಂತು ಎಂದು ಬರೆಸಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಖರೀದಿಯಲ್ಲಿ ವಿಳಂಬಕ್ಕೆ ಸಾಮಾನ್ಯವಾಗಿ ವಾರಕ್ಕೆ ಶೇ 0.5ರಂತೆ, ಗರಿಷ್ಠ ಶೇ 10ರವರೆಗೆ ದಂಡ ಬೀಳುತ್ತದೆ. ಮೇಲಿನಿಂದ ಉತ್ತರ ಬಾರದೆ ನಿಂತ ದಿನಗಳನ್ನು ಈ ಸಣ್ಣ ಕಚೇರಿಯ ಲೆಕ್ಕಕ್ಕೆ ಹಾಕಬಾರದು. ಯಾವ ಪ್ರಶ್ನೆ ಯಾವ ದಿನ ಹೋಯಿತು, ಯಾವ ದಿನ ಉತ್ತರ ಬಂತು ಎಂಬ ಅವರ ದಾಖಲೆ ನಮ್ಮದಕ್ಕಿಂತ ಚೆನ್ನಾಗಿದೆ.